ಎರಡು ಮಾನಿಟರ್ ಇಟ್ಟುಕೊಂಡವರಿಗೆ ವಿಟ್ಯೂಬ್ ಸ್ಟುಡಿಯೋ ಹೇಗೆ?

ಲೈವ್ ಸ್ಟ್ರೀಮ್‌ನಲ್ಲಿ ನಿಮ್ಮ ಮುಖದ ಬದಲು ಕಾರ್ಟೂನ್ ಪಾತ್ರ ತೋರಿಸುವ ವಿಟ್ಯೂಬ್ ಸ್ಟುಡಿಯೋ ಒಳ್ಳೆಯ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಲೈವ್ ಟೂಡಿ ಅವತಾರ್ (ಅಲುಗಾಡುವಂತೆ ಮಾಡಿದ 2ಡಿ ಚಿತ್ರ) ಹಾಕಿ ವೆಬ್‌ಕ್ಯಾಮ್ ಆನ್ ಮಾಡಿದರೆ ಸಾಕು, ನೀವು ತಲೆ ಆಡಿಸಿದಂತೆ ಅದೂ ಆಡಿಸುತ್ತದೆ. ವಾಟರ್‌ಮಾರ್ಕ್ ಬೇಡ ಅಂದರೆ ಮಾತ್ರ ದುಡ್ಡು ಕೊಡಬೇಕು. ಒಂದೇ ಮಾನಿಟರ್ ಇದ್ದವರು ಇಷ್ಟು ಓದಿ ಡೌನ್‌ಲೋಡ್ ಮಾಡಿಕೊಳ್ಳಿ, ತಲೆನೋವು ಶುರುವಾಗುವುದು ಎರಡನೆಯದು ಬಂದ ಮೇಲೆ.

ಎದುರಿನ ಪರದೆಯಲ್ಲಿ ಗೇಮ್, ಬಲಗಡೆ ನೋಡುಗರ ಚಾಟ್ ಮತ್ತು ಸ್ಟ್ರೀಮ್ ಕಳಿಸುವ ಓಬಿಎಸ್ ಸಾಫ್ಟ್‌ವೇರ್, ಕ್ಯಾಮೆರಾ ಎದುರಿನ ಮಾನಿಟರ್ ಮೇಲೆ. ಹೆಚ್ಚಿನವರ ಟೇಬಲ್ ಹೀಗೇ ಇರುತ್ತದೆ ಅಲ್ವಾ? ಚಾಟ್ ಓದಲು ಬಲಕ್ಕೆ ತಿರುಗಿದ ಕೂಡಲೇ ನಿಮ್ಮ ಬಲಗಣ್ಣು ಮೂಗಿನ ಮರೆಗೆ ಹೋಗುತ್ತದೆ. ಕಾಣದ ಕಣ್ಣನ್ನು ಸಾಫ್ಟ್‌ವೇರ್ ಊಹಿಸಬೇಕು, ಊಹೆ ತಪ್ಪಿದರೆ ಅವತಾರ್ ಸುಮ್ನೆ ನೋಡುಗರಿಗೆ ಕಣ್ಣು ಹೊಡೆಯುತ್ತಾ ಕೂರುತ್ತದೆ! ಕನ್ನಡಕ ಇದ್ದರಂತೂ ಕೇಳುವುದೇ ಬೇಡ, ಬಿಳಿ ಚಾಟ್ ಕಿಟಕಿ ಗಾಜಿನ ಮೇಲೆ ಹೊಳೆದು ಕಣ್ಣಿನ ಪಾಪೆಯೇ ಸಿಗುವುದಿಲ್ಲ. ಚಾಟ್‌ಗೆ ಡಾರ್ಕ್ ಮೋಡ್ ಹಾಕಿ, ಮುಖದ ಮೇಲೆ ಮುಂದಿನಿಂದ ಬೆಳಕು ಬೀಳುವಂತೆ ಮಾಡಿ. ಅರ್ಧ ಕಾಟ ಅಲ್ಲೇ ಕಡಿಮೆ ಆಗುತ್ತದೆ.

ಸೆಟ್ಟಿಂಗ್ಸ್ ಮುಟ್ಟುವ ಮೊದಲು ಕ್ಯಾಮೆರಾ ಸರಿಸಿ. ಎರಡೂ ಮಾನಿಟರ್ ಸೇರುವ ಜಾಗದಲ್ಲಿ ಇಟ್ಟರೆ ಯಾವ ಕಡೆ ನೋಡಿದರೂ ಮುಖ ಪೂರ್ತಿ ಪಕ್ಕಕ್ಕೆ ತಿರುಗಿದಂತೆ ಕಾಣುವುದಿಲ್ಲ. ಆಮೇಲೆ ಕ್ಯಾಲಿಬ್ರೇಟ್ ಒತ್ತಿ, ನಿಮ್ಮ ನೇರ ನೋಟ ಯಾವುದು ಅಂತ ಸಾಫ್ಟ್‌ವೇರ್‌ಗೆ ಹೇಳಿಕೊಡುವ ಗುಂಡಿ ಅದು. ಒತ್ತುವಾಗ ಕ್ಯಾಮೆರಾ ನೋಡಬೇಡಿ, ಗೇಮ್ ಓಡುವ ಪರದೆಯ ಮಧ್ಯಕ್ಕೆ ನೋಡಿ. ನಿಮ್ಮ ಕಣ್ಣು ಜಾಸ್ತಿ ಹೊತ್ತು ಇರುವುದು ಅಲ್ಲೇ, ಕ್ಯಾಮೆರಾ ನೋಡುತ್ತಾ ಕ್ಯಾಲಿಬ್ರೇಟ್ ಮಾಡಿದರೆ ಅವತಾರ್ ಇಡೀ ಸ್ಟ್ರೀಮ್ ನೆಲ ನೋಡುತ್ತಾ ತೂಕಡಿಸುವಂತೆ ಕಾಣುತ್ತದೆ.

ಈ ಸಾಫ್ಟ್‌ವೇರ್ ನನಗೆ ಇಷ್ಟವಾಗುವುದು ಇದರ ನಂತರದ ಕೆಲಸಕ್ಕೆ. ಪ್ರತಿ ಚಲನೆಗೂ ನಮ್ಮ ಮುಖದಿಂದ ಬರುವ ಇನ್‌ಪುಟ್ ಎಷ್ಟು, ಅವತಾರ್‌ಗೆ ಹೋಗುವ ಔಟ್‌ಪುಟ್ ಎಷ್ಟು ಅಂತ ನಾವೇ ಹೇಳಬಹುದು. ಕಣ್ಣು ಪಕ್ಕಕ್ಕೆ ಹೋಗುವ ಔಟ್‌ಪುಟ್ಟನ್ನು ಮೈನಸ್ 1ರಿಂದ 1ರ ಬದಲು ಮೈನಸ್ 0.6ರಿಂದ 0.6 ಮಾಡಿ ನೋಡಿ, ಪಾಪೆ ಮೂಲೆಗೆ ಹೋಗಿ ಅಂಟಿಕೊಳ್ಳುವುದು ನಿಲ್ಲುತ್ತದೆ. ತಲೆ ತಿರುಗುವ ಇನ್‌ಪುಟ್ಟನ್ನು ಮಾತ್ರ ಒಂದೇ ಕಡೆಗೆ ಹಿಗ್ಗಿಸಬೇಡಿ, ಲೆಕ್ಕದ ಮಧ್ಯಬಿಂದುವೇ ಸರಿದು, ನೇರ ನೋಡಿದಾಗಲೂ ಅವತಾರ್ ಓರೆಯಾಗಿ ನಿಲ್ಲುತ್ತದೆ. ಚಲನೆಯನ್ನು ನಯ ಮಾಡುವ ಸ್ಮೂತಿಂಗ್ ಸ್ವಲ್ಪ ಏರಿಸಿದರೆ ನಡುಕ ಹೋಗುತ್ತದೆ, ಜಾಸ್ತಿ ಏರಿಸಿದರೆ ಕಣ್ಣು ತಡವಾಗಿ ಬರುತ್ತದೆ.

ಇನ್ನೊಂದು ದಾರಿ ಅಂದರೆ ಕಣ್ಣನ್ನು ಮೌಸ್‌ಗೆ ಕಟ್ಟುವುದು. ಚಿತ್ರ ಬಿಡಿಸುವವರಿಗೆ, ಕೋಡ್ ಬರೆಯುವವರಿಗೆ ಇದು ಚೆನ್ನ. ಶೂಟಿಂಗ್ ಗೇಮ್‌ನಲ್ಲಿ ಕೆಲಸಕ್ಕೆ ಬಾರದು, ಕರ್ಸರ್ ಮಧ್ಯದಲ್ಲೇ ಲಾಕ್ ಆಗಿರುತ್ತದೆ.

ಖರ್ಚು ಮಾಡುವ ಮನಸ್ಸಿದ್ದರೆ ಫೇಸ್ ಐಡಿ ಇರುವ ಐಫೋನ್ ಬಳಸಿ. ಅದರ ಇನ್‌ಫ್ರಾರೆಡ್ ಕ್ಯಾಮೆರಾ ಮುಖದ ಆಳವನ್ನೂ ಅಳೆಯುತ್ತದೆ, ಹಾಗಾಗಿ ಕಣ್ಣಿನ ಚಲನೆ ವೆಬ್‌ಕ್ಯಾಮ್‌ಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ. ಆದರೆ ಆ ಚಲನೆಯನ್ನು ಫೋನಿನಿಂದ ಕಂಪ್ಯೂಟರಿಗೆ ಕಳಿಸುವುದು ಫೋನ್ ಆ್ಯಪ್‌ನ ಪುಕ್ಕಟೆ ಆವೃತ್ತಿಯಲ್ಲಿ ಒಂದು ಸಲಕ್ಕೆ 5 ನಿಮಿಷ ಮಾತ್ರ, ಪರೀಕ್ಷೆ ಮಾಡಿ ನೋಡಲು ಅಷ್ಟು ಸಾಕು. ಕಣ್ಣಿನ ನೋಟ ಹಿಂಬಾಲಿಸುವ ಟೋಬಿ ಐ ಟ್ರ್ಯಾಕರ್ 5 ಸಾಧನ ಕೊಳ್ಳುವ ಯೋಚನೆ ಇದ್ದವರು ನೆನಪಿಡಿ, ಅದು ಕೆಲಸ ಮಾಡುವುದು ಒಂದು ಸಲಕ್ಕೆ ಒಂದೇ ಮಾನಿಟರ್ ಮೇಲೆ. ನಮ್ಮ ಕಷ್ಟಕ್ಕೆ ಅದು ಮದ್ದಲ್ಲ.

ಇಷ್ಟಾದ ಮೇಲೂ ಚಾಟ್ ಓದುವಾಗ ಅವತಾರ್ ಪಕ್ಕಕ್ಕೆ ತಿರುಗಿಯೇ ತಿರುಗುತ್ತದೆ. ಚಾಟ್ ಬಲಗಡೆ ಇದ್ದು, ಅವತಾರ್ ಕನ್ನಡಿಯಲ್ಲಿ ಕಂಡಂತೆ ನಿಮ್ಮ ಜೊತೆಗೇ ಬಲಕ್ಕೆ ತಿರುಗುತ್ತಿದ್ದರೆ, ಅದನ್ನು ಸ್ಟ್ರೀಮ್‌ನ ಎಡ ಮೂಲೆಗೆ ಹಾಕಿ. ನೋಡುವವರಿಗೆ ಅದು ಗೇಮನ್ನೇ ನೋಡುತ್ತಿದೆ ಅನ್ನಿಸುತ್ತದೆ.