ತುದಿಯೇ ಇಲ್ಲದ ಡಯಲ್: ಒಂದು ಕೀಬೋರ್ಡ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಹುಬ್ಬಳ್ಳಿ ಕಡೆ ಮದುವೆ, ಗಣಪತಿ ಹಬ್ಬ, ಜಾತ್ರೆ ಅಂತ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಾರಿಸುತ್ತೇನೆ. ಹಾಗಾಗಿ ಬಣ್ಣ, ಡಿಸೈನ್, ಸ್ಕ್ರೀನ್ ಎಷ್ಟು ಇಂಚು ಅನ್ನೋದೆಲ್ಲ ಇಲ್ಲಿ ಸಿಗುವುದಿಲ್ಲ. ಎಷ್ಟು ಟೋನ್ (ವಾದ್ಯದ ದನಿ), ಎಷ್ಟು ಸ್ಟೈಲ್ (ಹಿನ್ನೆಲೆ ತಾಳ) ಅಂತ ಡಬ್ಬಿಯ ಮೇಲೇ ಬರೆದಿರುತ್ತದಂತೆ, ಅಲ್ಲೇ ಓದಿಕೊಳ್ಳಿ. ಕಂಪನಿ ಹೆಸರೂ ಬೇಡ. ಟಚ್ ಸ್ಕ್ರೀನ್ ಇರುವ 61 ಕೀಗಳ ಅರೇಂಜರ್ ಕೀಬೋರ್ಡ್, ಅಂದರೆ ತಾಳ, ಹಿನ್ನೆಲೆ ವಾದ್ಯ ತಾನೇ ಬಾರಿಸುವಂಥದ್ದು, ಅಂದುಕೊಳ್ಳಿ, ಸಾಕು.

ಇದಕ್ಕೂ ಮುಂಚೆ ಹನ್ನೊಂದು ವರ್ಷ ಬಾರಿಸಿದ ಹಳೆಯ ಕೀಬೋರ್ಡಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ನಂಬರ್ ಬಟನ್‌ಗಳಿದ್ದವು. ಕೊಳಲು ಬೇಕಾ, ಅದರ ನಂಬರ್ ಒತ್ತಿದರೆ ಮುಗೀತು. ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್‌ನ ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಒತ್ತಿದರೆ ಸೊನ್ನೆಗೆ ಬರುತ್ತಿತ್ತು. ಗಾಯಕ ಬಂದು ಶ್ರುತಿ ಕರಿ ಎರಡು, ಅಂದರೆ ಎರಡನೇ ಕಪ್ಪು ಕೀ, ಅನ್ನುತ್ತಾನೆ, ಮುಂದಿನ ಹಾಡಿಗೆ ಗಾಯಕಿ ಬಂದು ಕರಿ ಐದು ಅನ್ನುತ್ತಾಳೆ. ಲೆಕ್ಕ ತಪ್ಪಿತಾ, ಎರಡೂ ಒತ್ತು, ಸೊನ್ನೆಯಿಂದ ಎಣಿಸು. ಇದನ್ನು ನಮ್ಮಂಥವರಿಗೆ ಅಂತ ಯಾರೂ ಮಾಡಿರಲಿಕ್ಕಿಲ್ಲ. ಆದರೂ ನನಗೆ ಅಷ್ಟು ದೊಡ್ಡ ಉಪಕಾರ ಬೇರೆ ಯಾವ ಬಟನ್ನೂ ಮಾಡಿಲ್ಲ.

ಕೀಗಳು ಸವೆದು ಹೋದ ಮೇಲೆ ಹೊಸದು ತೆಗೆದುಕೊಂಡೆ. ಸುಮಾರು 60 ಸಾವಿರ, ಅಂದರೆ ನನ್ನ ಎರಡು ಮದುವೆ ಸೀಸನ್ನಿನ ಉಳಿತಾಯ. ಅಂಗಡಿಯಲ್ಲಿ ಒಂದು ತಾಸು ಬಾರಿಸಿ ನೋಡಿದ್ದೆ. ಸಾರಂಗಿ ಕೇಳಿ ಮೈ ಜುಮ್ಮೆಂದಿತ್ತು. "ಸರ್, ಈಗ ಸಂತೂರ್ ಕೇಳಿ, ಈಗ ಕೊಳಲು ಕೇಳಿ" ಅಂತ ಅಂಗಡಿ ಹುಡುಗ ಒಂದೊಂದೇ ಹಾಕಿ ಕೊಡುತ್ತಿದ್ದ. ನಾನೆಂಥ ದಡ್ಡ ನೋಡಿ, ಆ ಹುಡುಗನ ಬೆರಳು ನನ್ನ ಜೊತೆ ಮನೆಗೆ ಬರಲ್ಲ ಅನ್ನೋದು ಆಗ ಹೊಳೆಯಲೇ ಇಲ್ಲ.

ಮನೆಗೆ ತಂದ ಮೇಲೆ ಉಳಿದಿದ್ದು ಒಂದು ನುಣ್ಣನೆ ಗಾಜು, ಪಕ್ಕದಲ್ಲಿ ಒಂದು ಡಯಲ್. ಗಾಜು ಎಲ್ಲಿ ಮುಟ್ಟಿದರೂ ಒಂದೇ. ಡಯಲ್ಲಿಗೆ ತುದಿಯೇ ಇಲ್ಲ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಒಂದು ಕಡೆ ಹೋಗಿ ನಿಲ್ಲುತ್ತಿತ್ತಲ್ಲ, ಹಾಗಲ್ಲ ಇದು. ತಿರುಗಿಸಿದಷ್ಟೂ ತಿರುಗುತ್ತದೆ. ಎಲ್ಲಿಂದ ಹೊರಟೆ, ಎಲ್ಲಿಗೆ ಬಂದೆ, ಒಂದೂ ಗೊತ್ತಾಗುವುದಿಲ್ಲ. ಬೇಗ ತಿರುಗಿಸಿದರೆ ನಾಲ್ಕೈದು ಟೋನ್ ಒಟ್ಟಿಗೆ ಹಾರಿಬಿಡುತ್ತದೆ ಬೇರೆ.

ಮೊದಲ ವರ್ಷ ಪೂರ್ತಿ ಎಣಿಸಿಯೇ ಬಾರಿಸಿದೆ. ಆನ್ ಮಾಡುವುದು, ಸ್ಪೀಕರಿನಲ್ಲಿ ಸಣ್ಣಗೆ ಟಕ್ ಅನ್ನುವವರೆಗೆ ಕಾಯುವುದು, ಒಂದು ಕೀ ಒತ್ತಿ ಪಿಯಾನೋ ಬಂತಾ ಅಂತ ಖಾತ್ರಿ ಮಾಡಿಕೊಳ್ಳುವುದು. ಅಲ್ಲಿಂದ ನಿಧಾನಕ್ಕೆ ಹದಿನಾಲ್ಕು ಸಲ ತಿರುಗಿಸಿದರೆ ಕೊಳಲು. ಪಲ್ಲವಿ ಮುಗಿದು ಚರಣ ಶುರುವಾಗುವುದರೊಳಗೆ ಹದಿನಾಲ್ಕು! ಇದ್ದ ನಾಲ್ಕು ಬಟನ್‌ಗಳಿಗೆ ತಂಗಿಯ ಟಿಕ್ಲಿ ಅಂಟಿಸಿ ಗುರುತು ಮಾಡಿಕೊಂಡಿದ್ದೆ. ಜಾತ್ರೆಯ ಸೆಕೆಗೆ, ಕೈ ಬೆವರಿಗೆ ಅವು ಉದುರಿಹೋದವು. ಆಮೇಲೆ ಎಂ-ಸೀಲ್ ಕಲಸಿ ಜೋಳದ ಕಾಳಿನಷ್ಟು ಇಟ್ಟೆ. ಅದು ಇವತ್ತಿಗೂ ಗಟ್ಟಿಯಾಗಿದೆ.

ನಿಜವಾದ ಸಿಟ್ಟು ಬಂದಿದ್ದು ಒಂದು ಭಾನುವಾರ. ತಂಗಿಯ ಮಗ ಪಕ್ಕದಲ್ಲಿ ಕೂತಿದ್ದ. "ಮಾಮಾ, ಏನೋ ಇಂಗ್ಲಿಷ್‌ನಲ್ಲಿ ಕೇಳ್ತಾ ಇದೆ, ಯೆಸ್ ಒತ್ತಲಾ?" ಅಂದ. ಒತ್ತಪ್ಪ ಅಂದೆ. ಅದು ಎಲ್ಲ ಅಳಿಸಿ ಮೊದಲಿನಂತೆ ಮಾಡಲೇ ಅಂತ ಕೇಳಿತ್ತಂತೆ. ಎರಡು ತಿಂಗಳು ಕೂತು ಹಾಡಿಗೊಂದರಂತೆ ಸೇವ್ ಮಾಡಿಸಿದ್ದೆಲ್ಲ ಹೋಯಿತು. ಹುಡುಗನಿಗೆ ಎಂಟು ವರ್ಷ, ಅವನ ತಪ್ಪೇನಿದೆ? ಅಳಿಸುವ ಮುಂಚೆ ಒಂದು ಬೀಪ್ ಆದರೂ ಬೇಡವಾ? ಸಾವಿರಗಟ್ಟಲೆ ದನಿ ತುಂಬಿಕೊಂಡ ಯಂತ್ರ ನನ್ನ ಹತ್ತಿರ ಒಂದು ಮಾತೂ ಆಡಲ್ಲ.

ನಮ್ಮ ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅದನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಎಷ್ಟೋ ಅಂಧ ಮಕ್ಕಳು ಹಾರ್ಮೋನಿಯಂ ಹಿಡಿದು ಕಲಿತು ಹೊಟ್ಟೆಪಾಡು ಕಂಡುಕೊಂಡರು. ಕರಿ ಮನೆಗಳು ಎರಡು, ಮೂರು ಅಂತ ಗುಂಪಾಗಿರುವುದರಿಂದ ಬೆರಳಿಗೇ ದಾರಿ ಸಿಗುತ್ತದೆ. ಸ್ಟಾಪರ್ ಎಳೆದರೆ ಎಳೆದದ್ದು ಕೈಗೆ ಗೊತ್ತಾಗುತ್ತದೆ. ಇನ್ನು ಅಮೆರಿಕದ ಕಥೆ ಕೇಳಿ. ಅಂಧರಿಗೆ ಪುಸ್ತಕ ಓದಿ ಹೇಳುವ ಯಂತ್ರವನ್ನು ರೇ ಕರ್ಜ್‌ವೈಲ್ 1976ರಲ್ಲಿ ತಂದರು, ಮೊದಲಿಗೆ ಕೊಂಡವರಲ್ಲಿ ಕಣ್ಣು ಕಾಣದ ಗಾಯಕ ಸ್ಟೀವೀ ವಂಡರ್ ಒಬ್ಬರು. ಆ ಗೆಳೆತನದಿಂದಲೇ 1982ರಲ್ಲಿ ಕರ್ಜ್‌ವೈಲ್ ಕೀಬೋರ್ಡ್ ಕಂಪನಿ ಹುಟ್ಟಿತು. ಕಣ್ಣಿಲ್ಲದ ಒಬ್ಬ ಸಂಗೀತಗಾರ ಕೇಳಿದ್ದಕ್ಕೆ ಶುರುವಾದ ಕೆಲಸ ಅದು. ಈಗ ಗಾಜು ಕೊಟ್ಟು ಕೂರಿಸಿದ್ದಾರೆ.

ಮಾರಿಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ರಿದಮ್ ಪ್ಯಾಡ್ ಬಾರಿಸುವ ಗೆಳೆಯ ಒಂದು ಮಾತು ಹೇಳಿದ: "ಅಣ್ಣಾ, ಸ್ಕ್ರೀನ್ ಯಾಕೆ ಮುಟ್ತೀರಿ? ಹಿಂದೆ ಯುಎಸ್‌ಬಿ ಇದೆಯಲ್ಲ."

ಮಿಡಿ ಅನ್ನೋದು, ಅಂದರೆ ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಮಾತಾಡುವ ಭಾಷೆ, 1983ರಿಂದ ಇದೆ. ಟೋನ್ ಬದಲಿಸಲು ಅದರ ಮೂಲಕ ಕೀಬೋರ್ಡಿಗೆ ಮೂರು ನಂಬರ್ ಕಳಿಸಿದರೆ ಸಾಕು: ಬ್ಯಾಂಕಿಗೆ (ಟೋನ್ ಗುಂಪಿಗೆ) ಎರಡು, ಟೋನಿಗೆ ಒಂದು. ಡಯಲ್ಲೂ ಬೇಡ, ಗಾಜೂ ಬೇಡ. ಆ ನಂಬರ್‌ಗಳೆಲ್ಲ ಕಂಪನಿಯ ಪಿಡಿಎಫ್ ಪಟ್ಟಿಯಲ್ಲಿ ಇದ್ದವು. ಹಳೇ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಸ್ಕ್ರೀನ್ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಮ್) ಹಾಕಿಕೊಂಡು ನಾಲ್ಕು ರಾತ್ರಿ ಕೂತು ಕೇಳಿ, ನನಗೆ ಬೇಕಾದ 90 ಟೋನ್‌ಗಳನ್ನು ಎಕ್ಸೆಲ್‌ನಲ್ಲಿ ಬರೆದುಕೊಂಡೆ. ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ. ಅದನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಪಟ್ಟಿಯಲ್ಲಿ 'ಕೊಳಲು ಗಟ್ಟಿ', 'ಕೊಳಲು ಮೆತ್ತಗೆ' ಅಂತ ಕನ್ನಡದಲ್ಲೇ ಬರೆದಿದ್ದೇನೆ. ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಓದುತ್ತದೆ, ಆದರೂ ಓದುತ್ತದೆ.

ಮೊದಲ ದಿನವೇ ಮಾನ ಹೋಯಿತು ಅನ್ನಿ. ಎಲ್ಲ ಕಂಪನಿಗಳಿಗೂ ಒಂದೇ ಆದ ಜನರಲ್ ಮಿಡಿ ಟೋನ್ ಪಟ್ಟಿಯಲ್ಲಿ ಶಹನಾಯಿ 112. ಪಟ್ಟಿ ಎಣಿಸುವುದು ಒಂದರಿಂದ, ಲ್ಯಾಪ್‌ಟಾಪಿನಿಂದ ನಂಬರ್ ಕಳಿಸಲು ಗೆಳೆಯ ಬರೆದುಕೊಟ್ಟ ಪ್ರೋಗ್ರಾಮ್ ಎಣಿಸುವುದು ಸೊನ್ನೆಯಿಂದ. ನಾನು 112 ಒತ್ತಿದೆ, ಅದು 113ನೆಯದನ್ನು ಹಾಕಿತು. 113 ಅಂದರೆ ಕಿಣಿಕಿಣಿ ಗಂಟೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಐಸ್‌ಕ್ಯಾಂಡಿ ಗಾಡಿ ಬಂದ ಹಾಗಾಯಿತು. ಮದುಮಗನೇ ನಕ್ಕನಂತೆ.

ಅದು ಸರಿಯಾದ ಮೇಲೆ ಮಾತ್ರ ಸುಖವೋ ಸುಖ. 450 ರೂಪಾಯಿಯ ಒಂದು ಯುಎಸ್‌ಬಿ ನಂಬರ್ ಪ್ಯಾಡ್ ತಂದು, ಲ್ಯಾಪ್‌ಟಾಪ್‌ಗೆ ಚುಚ್ಚಿ, ಕೀಬೋರ್ಡಿನ ಎಡ ಮೂಲೆಗೆ ವೆಲ್ಕ್ರೋ ಹಾಕಿ ಅಂಟಿಸಿದ್ದೇನೆ. ಅದರ ಐದರ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ನಂಬರ್ ಒತ್ತಿದರೆ ಎಡಗಿವಿಯ ಇಯರ್‌ಫೋನಿನಲ್ಲಿ "ಸಾರಂಗಿ" ಅನ್ನುತ್ತದೆ, ಎಂಟರ್ ಒತ್ತಿದರೆ ಬಂತು. ಅಂಗಡಿಯಲ್ಲಿ ಕೇಳಿದ್ದ ಅದೇ ಸಾರಂಗಿ! ಆಗ ಗೊತ್ತಾಯಿತು, ವಾದ್ಯ ಕೆಟ್ಟದ್ದಲ್ಲ, ಬಾಗಿಲು ಮಾತ್ರ ತಪ್ಪು ಜಾಗದಲ್ಲಿತ್ತು.

ಎಲ್ಲವೂ ಆಗುವುದಿಲ್ಲ. ಮೈಕ್ ಸೆಟ್ಟಿಂಗ್, ಹೊಸ ಸ್ಟೈಲ್ ತುಂಬುವುದು ಇದಕ್ಕೆಲ್ಲ ಇವತ್ತಿಗೂ ಕಣ್ಣಿರುವವರು ಬೇಕು. ಲ್ಯಾಪ್‌ಟಾಪ್ ಕೈಕೊಟ್ಟರೆ ಮತ್ತೆ ಹದಿನಾಲ್ಕು ಎಣಿಸುವುದೇ ಗತಿ.

ಬೆಂಗಳೂರಿನಲ್ಲಿ ಒಬ್ಬರ ಸ್ಟುಡಿಯೋದಲ್ಲಿ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕಂಪ್ಲೀಟ್ ಕಂಟ್ರೋಲ್ ಎಸ್-ಸೀರೀಸ್ ಕೀಬೋರ್ಡ್ ಮುಟ್ಟಿ ನೋಡಿದೆ. ಡಯಲ್ ಮೇಲೆ ಸುಮ್ನೆ ಬೆರಳಿಟ್ಟರೆ ಸಾಕು, ಅದು ಏನು ಅಂತ ಕಂಪ್ಯೂಟರ್ ಹೇಳುತ್ತದೆ, ತಿರುಗಿಸುವ ಮುಂಚೆಯೇ. ಹತ್ತು ನಿಮಿಷ ಬಾರಿಸುವುದು ಬಿಟ್ಟು ಬರೀ ಮುಟ್ಟುತ್ತಾ ಕೂತಿದ್ದೆ. ಆದರೆ ಅದರೊಳಗೆ ಸ್ವಂತ ದನಿ ಇಲ್ಲ, ಎಲ್ಲಾ ಕಂಪ್ಯೂಟರಿನಿಂದಲೇ ಬರಬೇಕು. ಜಾತ್ರೆಯ ಧೂಳಿಗೆ, ಜನರೇಟರ್ ಕರೆಂಟಿಗೆ, ನನ್ನ ಜೇಬಿಗೆ ಅದು ಆಗಿಬರಲ್ಲ.

ನಮ್ಮಂಥವರು ಯಾರಾದರೂ ಕೊಳ್ಳಲು ಹೊರಟಿದ್ದರೆ, ಅಂಗಡಿ ಹುಡುಗನಿಗೆ ಟೀ ಕುಡಿದು ಬಾ ಅಂತ ಕಳಿಸಿ, ಒಬ್ಬರೇ ಕೂತು ಕೊಳಲು ಹುಡುಕಿ ನೋಡಿ. ಟೋನ್ ಪಟ್ಟಿಯ ಪಿಡಿಎಫ್ ಸ್ಕ್ರೀನ್ ರೀಡರ್‌ನಲ್ಲಿ ಓದಿಸುತ್ತದಾ ಅಂತ ಮೊದಲೇ ಫೋನಿನಲ್ಲಿ ನೋಡಿಕೊಳ್ಳಿ. ಕೆಲವು ಬರೀ ಫೋಟೋ ಇರುತ್ತವೆ.

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಆ 450 ರೂಪಾಯಿಯ ಪ್ಯಾಡಿಗೆ. ಡಯಲ್ ಮೇಲೆ ಈಗ ಒಂದು ಬಾಟಲಿ ಮುಚ್ಚಳ ಕವುಚಿ ಟೇಪ್ ಸುತ್ತಿದ್ದೇನೆ, ಅಂಗಿ ತೋಳು ತಾಗಿ ತಿರುಗದಿರಲಿ ಅಂತ.