ದೊಡ್ಡ ಫೈಲ್ ಕಳ್ಸೋಕೆ ನಮ್ಗೆ ಗೂಗಲ್ ಡ್ರೈವೇ ಸರಿ

ನಾವು ಮದುವೆ ವಿಡಿಯೋ ಎಡಿಟಿಂಗ್ ಮಾಡೋರು, ಒಂದೊಂದು ಫೈಲೂ ಏಳೆಂಟು ಜಿಬಿ ಬರತ್ತೆ, ಜಿಮೇಲಲ್ಲಿ ಅಟ್ಯಾಚ್ ಮಾಡೋಣ ಅಂದ್ರೆ 25 ಎಂಬಿಗೇ ಮುಗೀತು, ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳ್ಸಿದ್ರೂ 2 ಜಿಬಿ ದಾಟಂಗಿಲ್ಲ. ಹಾಗಾಗಿ ಈಗ ಎಲ್ಲಾ ಡ್ರೈವಲ್ಲೇ. ರಾತ್ರಿ ಅಪ್‌ಲೋಡ್‌ಗೆ ಹಾಕಿ ಮಲಗಿದ್ರೆ ಬೆಳಗ್ಗೆ ಲಿಂಕ್ ಕಳ್ಸೋದಷ್ಟೇ ಕೆಲ್ಸ. ಆದ್ರೆ ಮೊದ್ಲು ಶೇರ್ ಸೆಟ್ಟಿಂಗ್ ನೋಡ್ಕೊಳ್ರಪ್ಪಾ, 'ರಿಸ್ಟ್ರಿಕ್ಟೆಡ್' ಅಂತ ಇದ್ರೆ ನಾವೇ ಸೇರಿಸಿರೋರ್ನ ಬಿಟ್ಟು ಬೇರೆ ಯಾರಿಗೂ ಲಿಂಕ್ ತೆಗೆಯಕ್ಕೇ ಆಗಲ್ಲ, ಒಂದ್ಸಲ ನಾನು ಅದನ್ನ ಬದಲಾಯಿಸೋದು ಮರೆತು ಶೂಟಿಂಗಿಗೆ ಹೋಗ್ಬಿಟ್ಟೆ, ನಮ್ಮ ವಿಡಿಯೋ ಕಲರ್ ಸರಿ ಮಾಡೋ ಹುಡುಗ ಅರ್ಧ ದಿನ ಸುಮ್ನೆ ಕಾದ ಪಾಪ. ಫ್ರೀ ಜಾಗ 15 ಜಿಬಿ, ಅದ್ರಲ್ಲೇ ಜಿಮೇಲು, ಫೋಟೋಸು ಎಲ್ಲಾ ಸೇರಿರತ್ತೆ, ಅಂದ್ರೆ ಎರಡು ಫೈಲಿಗೇ ಫುಲ್. ಕೆಲ್ಸ ಮುಗಿದ್ಮೇಲೆ ಡಿಲೀಟ್ ಮಾಡಿ ಟ್ರ್ಯಾಶೂ ಖಾಲಿ ಮಾಡಿ, ಇಲ್ಲಾಂದ್ರೆ 30 ದಿನ ಅಲ್ಲೇ ಜಾಗ ತಿಂತಾ ಕೂತಿರತ್ತೆ.