ಬ್ಯಾಫಿಲೋಮೈಸಿನ್ನೋ ಕ್ಲೋರೋಕ್ವಿನ್ನೋ?

ಆಟೋಫೇಜಿ, ಅಂದರೆ ಜೀವಕೋಶ ತನ್ನ ಕಸವನ್ನು ತಾನೇ ಜೀರ್ಣಿಸಿಕೊಳ್ಳುವ ಕೆಲಸ, ಎಷ್ಟು ನಡೆದಿದೆ ಅಂತ ಅಳೆಯಲು ದುಬಾರಿಯಾದರೂ ಬ್ಯಾಫಿಲೋಮೈಸಿನ್ನೇ ತರಿಸಿ. ಧಾರವಾಡ, ಬೆಳಗಾವಿ ಬಿಟ್ಟು ಪುಣೆಯ ಲ್ಯಾಬು ಸೇರಿದ ಹೊಸ ಪಿಎಚ್‌ಡಿ ಹುಡುಗರು ಕೇಳಿದರೆ ಇದೇ ಉತ್ತರ.

ಇವೆರಡೂ ಜೀವಕೋಶದ ಕಸ ತೆಗೆಯುವುದಿಲ್ಲ, ತೆಗೆಯುವುದನ್ನು ತಡೆಯುತ್ತವೆ. ಸೊಸೈಟಿ ಗೇಟಿನಲ್ಲಿ ಕಸದ ಗುಡ್ಡೆ ಕಂಡರೆ ಜನ ಹೆಚ್ಚು ಎಸೆದರೋ, ಕಸ ಒಯ್ಯುವ ಘಂಟಾಗಾಡಿ ಬರಲಿಲ್ಲವೋ ಹೇಳಲಾಗದು. ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎಲ್‌ಸಿ3-2, ಅಂದರೆ ಜೀವಕೋಶದ ಕಸದ ಚೀಲಕ್ಕೆ ಅಂಟಿಕೊಳ್ಳುವ ಪ್ರೋಟೀನಿನ ಪಟ್ಟಿ ದಪ್ಪವಾದಾಗಲೂ ಅದೇ ಪೇಚು. ಗಾಡಿಯನ್ನು ನಾವೇ ನಿಲ್ಲಿಸಿ, ಅಷ್ಟು ಹೊತ್ತಿನಲ್ಲಿ ಎಷ್ಟು ಬಿತ್ತು ಅಂತ ನೋಡಬೇಕು. ಅದಕ್ಕೇ ಕೋಶ ಬೆಳೆಸುವ ತಟ್ಟೆಯಲ್ಲಿ ನಾಲ್ಕು ವೆಲ್ (ಗುಳಿ): ಬರೀ ಡಿಎಂಎಸ್‌ಒ (ಔಷಧಿ ಕರಗಿಸುವ ದ್ರವ), ಆಟೋಫೇಜಿ ಹೆಚ್ಚಿಸುವ ರಾಪಾಮೈಸಿನ್, ತಡೆ (ಬ್ಯಾಫಿಲೋಮೈಸಿನ್ ಅಥವಾ ಕ್ಲೋರೋಕ್ವಿನ್), ಎರಡೂ. ಬರೀ ತಡೆ ಹಾಕಿದ್ದಕ್ಕಿಂತ ಎರಡೂ ಹಾಕಿದ್ದರಲ್ಲಿ ಪಟ್ಟಿ ದಪ್ಪವಾಗದಿದ್ದರೆ ಆಟೋಫೇಜಿ ಹೆಚ್ಚಿತು ಅನ್ನುವಂತಿಲ್ಲ.

ಕ್ಲೋರೋಕ್ವಿನ್ ಅಗ್ಗ, ನೀರಲ್ಲೇ ಕರಗುತ್ತದೆ. 10 ಮಿಲಿಮೋಲಾರ್ ದ್ರಾವಣ ಮಾಡಿ ಬೆಳಕು ಬೀಳದಂತೆ ಇಡಿ. ವೆಲ್‌ನಲ್ಲಿರುವ 2 ಮಿಲಿ ಮೀಡಿಯಕ್ಕೆ (ಕೋಶ ಬೆಳೆಸುವ ದ್ರವ) 10 ಮೈಕ್ರೋಲೀಟರ್ ಹಾಕಿದರೆ 50 ಮೈಕ್ರೋಮೋಲಾರ್. ಆದರೆ ಗಾಡಿ ನಿಲ್ಲಿಸುವುದರ ಜತೆಗೆ ಕೋಶದೊಳಗೆ ಸಾಮಾನು ಸಾಗಿಸುವ ಗಾಲ್ಜಿ, ಎಂಡೋಸೋಮ್‌ಗಳನ್ನೂ ಅಸ್ತವ್ಯಸ್ತ ಮಾಡುತ್ತದೆ. ಪಟ್ಟಿ ದಪ್ಪವಾದದ್ದು ಯಾವುದರಿಂದ ಅಂತ ಗೈಡ್ ಕೇಳಿದರೆ ಬಾಯಿ ಕಟ್ಟುತ್ತದೆ.

ಬ್ಯಾಫಿಲೋಮೈಸಿನ್ ಕಸ ಜೀರ್ಣಿಸುವ ಚೀಲವಾದ ಲೈಸೋಸೋಮಿಗೆ ಆಮ್ಲ ತುಂಬುವ ಪಂಪನ್ನೇ ಮುಚ್ಚುತ್ತದೆ. 100 ನ್ಯಾನೋಮೋಲಾರ್, 2ರಿಂದ 4 ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಕೋಶಗಳೇ ಸಾಯತೊಡಗುತ್ತವೆ.

ತಲೆನೋವು ಇರುವುದು ಸೀಸೆಯಲ್ಲಿ. 10 ಮೈಕ್ರೋಗ್ರಾಂ ಅಂದರೆ ಕಣ್ಣಿಗೆ ಕಾಣದ ಪೊರೆ. ಅದು ಮುಚ್ಚಳಕ್ಕೂ ಅಂಟಿರಬಹುದು, ಖಾಲಿ ಸೀಸೆ ಕಳಿಸಿದ್ದಾರೆ ಅಂದುಕೊಂಡು ಬಿಸಾಡಬೇಡಿ. ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ಕೊಡಿ. ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬೇಡಿ. ಪುಣೆಯ ಪಾಷಾಣ್ ಬಡಾವಣೆಯ ಜುಲೈ ಮಳೆಯಲ್ಲಿ ತಣ್ಣನೆಯ ಸೀಸೆ ತೆರೆದರೆ ಒಳಗೇ ಬೆವರುತ್ತದೆ. ಡಿಎಂಎಸ್‌ಒ ಅಂತೂ ಗಾಳಿಯ ನೀರು ಎಳೆದುಕೊಳ್ಳುವುದರಲ್ಲಿ ಎತ್ತಿದ ಕೈ. ಹೊರಗಿಟ್ಟು ಅರ್ಧ ಗಂಟೆ ಕಾಯಿರಿ.

ಆಮೇಲೆ 160 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ, ಗೋಡೆಗೆಲ್ಲ ತಾಗುವಂತೆ ತಿರುಗಿಸಿ. 100 ಮೈಕ್ರೋಮೋಲಾರ್ ಆಗುತ್ತದೆ, ವೆಲ್‌ಗೆ 2 ಮೈಕ್ರೋಲೀಟರ್. ತಲಾ 13 ಮೈಕ್ರೋಲೀಟರಿನಂತೆ 12 ಟ್ಯೂಬ್‌ಗೆ ಹಂಚಿ ಫ್ರೀಜರಿನಲ್ಲಿಡಿ. ನಾಲ್ಕರಲ್ಲಿ ತಡೆ ಬೀಳುವುದು ಎರಡು ವೆಲ್‌ಗೆ, ಮೂರು ಸಲದ ಪ್ರಯೋಗಕ್ಕೆ ಆರು ವೆಲ್, 12 ಮೈಕ್ರೋಲೀಟರ್ ಬೇಕು. ಉಳಿದ 1 ಪಿಪೆಟ್ಟಿನ ಪಾಲು. ತೆರೆದ ಟ್ಯೂಬನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಬ್ಲಾಟ್‌ಗೆ 15 ಶೇಕಡಾ ಜೆಲ್, 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಪೊರೆ.

ತಿಂಗಳಿಗೊಂದು ಬ್ಲಾಟ್ ಮಾಡುವವರಿಗೆ ಈ ಒಂದು ಸೀಸೆ ವರ್ಷಕ್ಕೆ ಬಂತು. ನೂರಾರು ಔಷಧಿಗಳನ್ನು ಒಟ್ಟಿಗೆ ಜಾಲಾಡುವವರಿಗೆ ಮಾತ್ರ ಮೊದಲ ಸುತ್ತಿಗೆ ಕ್ಲೋರೋಕ್ವಿನ್ ಆದೀತು.